ಪಟ್ಟಣಕ್ಕೆ ಹೋದ ಹುಡುಗಿಯರು

ಇಜ್ಬತ್ ಅಲ್-ಸಂತ್, ಮಿನ್ಯಾ ಪ್ರಾಂತ
12 ನವೆಂಬರ್ 1999

ಸುಹೈರ್ ಟೀಚರಮ್ಮನಿಗೆ ಸೂಲಗಿತ್ತಿ ಸಿತ್ತುಹುಮ್ ಮಾಡುವ ಸಲಾಂ.

ಇದು ನನ್ನ ಮೊದಲ ಪತ್ರ. ಅರವತ್ತೊಂದನೇ ವಯಸ್ಸಿಗೆ ಮೊದಲ ಪತ್ರ. ಬರೆಯಲು ಕೂತು ಮೂರು ದಿನವಾಯಿತು. ತಪ್ಪಿದ್ದರೆ ನಗು, ಇಲ್ಲಿಗೆ ಕೇಳಿಸುವುದಿಲ್ಲ.

ನೀನು ಕೈರೋಗೆ ಹೋದ ಮೇಲೆ ತರಗತಿ ನಡೆಯುತ್ತಿದ್ದ ಕೋಣೆಗೆ ಬೀಗ ಬಿತ್ತು. ಈಗ ಅಲ್ಲಿ ಗೋಧಿ ಮೂಟೆ ಇಟ್ಟಿದ್ದಾರೆ. ನಾನು ಮನೆಯಲ್ಲೇ ಬರೆದು ಕಲಿಯುತ್ತೇನೆ. ಮಗ ಹಸನೈನನಿಗೆ ಅಕ್ಷರ ಬಾರದು, ಸೊಸೆ ಫೌಕಿಯಾಗೂ ಬಾರದು. ದೊಡ್ಡ ಮೊಮ್ಮಗಳು ಬದ್ರಿಯಾ ಶಾಲೆಗೆ ಹೋಗುತ್ತಾಳಲ್ಲ, ಒಂಬತ್ತು ವರ್ಷದವಳು, ಅವಳು ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಚಿಕ್ಕವಳು ಹನಿಯ್ಯಾಗೆ ಇನ್ನೂ ಐದು. ಪೆನ್ನು ಕಂಡರೆ ಬಾಯಿಗೆ ಇಟ್ಟುಕೊಳ್ಳುತ್ತಾಳೆ.

ಊರಿನವರು ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಕಾಲುವೆ ಹತ್ತಿರ ಪಾತ್ರೆ ತೊಳೆಯುವಾಗ ಒಬ್ಬಳು ಕೂಗಿದಳು, "ಏನೇ ಸಿತ್ತುಹುಮ್, ಬ್ಲೇಡ್ ಬಿಟ್ಟು ಪೆನ್ನು ಹಿಡಿದಿದೀಯಂತೆ? ಇನ್ಮೇಲೆ ಹೆರಿಗೆಗೆ ಕರೆಯೋಕೂ ಅರ್ಜಿ ಬರ್ಕೊಂಡು ಬರ್ಬೇಕೇನೇ?" ನಾನೂ ಬಿಡಲಿಲ್ಲ. "ನೀನು ಬರೀಬೇಡ ಬಿಡು, ನಿನ್ನ ಕೂಗು ಸಾಕು, ನಾಲ್ಕೂರಿಗೆ ಕೇಳಿಸುತ್ತೆ" ಅಂದೆ.

ಆಣೆ ಮರೆತಿಲ್ಲ. ಐದು ಜನ ಸೂಲಗಿತ್ತಿಯರು ಎಲ್ಲರ ಎದುರು ನಿಂತು ಹೇಳಿದೆವಲ್ಲ, ಇನ್ನು ಯಾವ ಹುಡುಗಿಗೂ ಶುದ್ಧಿ ಮಾಡುವುದಿಲ್ಲ ಎಂದು. ನೀವು ಓದಿದವರು ಅದನ್ನು ಹೆಣ್ಣುಮಕ್ಕಳ ಸುನ್ನತಿ ಎನ್ನುತ್ತೀರಿ. ನಮಗೆ ಅಜ್ಜಿಯರ ಕಾಲದಿಂದ ಅದು ಶುದ್ಧಿ. ನಲವತ್ತು ವರ್ಷ ಈ ಕೈ ಅದನ್ನು ಮಾಡಿದೆ. ಈಗ ನಿಲ್ಲಿಸಿದೆ. ಅಂದಿನಿಂದ ಬ್ಲೇಡ್ ಮುಟ್ಟಿಲ್ಲ.

ಬೆರಳು ನೋಯುತ್ತಿದೆ. ಹೆರಿಗೆ ಮಾಡಿಸುವುದೇ ಸುಲಭ.

ಸಿತ್ತುಹುಮ್


ಕೈರೋ
2 ಡಿಸೆಂಬರ್ 1999

ಪ್ರೀತಿಯ ಸಿತ್ತುಹುಮ್ ಅಮ್ಮನವರಿಗೆ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಗಲಿಲ್ಲ, ಅತ್ತುಬಿಟ್ಟೆ. ಆರು ತಿಂಗಳ ಹಿಂದೆ ನೀವು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕಾಗದ ಹರಿದದ್ದು ನೆನಪಿದೆಯೇ?

ನಮ್ಮ ಸಂಸ್ಥೆ ಹನ್ನೊಂದು ಊರುಗಳಲ್ಲಿ ಹೀಗೆ ಕಲಿಸಿದೆ. ಆದರೆ ಆಣೆ ಮಾಡಿದ ಮೇಲೆ ಅದರ ಮೇಲೆ ನಿಲ್ಲುವವರು ಕಡಿಮೆ. ನಿಮ್ಮಂಥ ಒಬ್ಬರು ಸಾಕು, ಊರು ತಾನಾಗಿಯೇ ಬದಲಾಗುತ್ತದೆ. ಯಾರಾದರೂ ತಾಯಂದಿರು ಇನ್ನೂ ನಿಮ್ಮ ಬಾಗಿಲಿಗೆ ಬರುತ್ತಾರೆಯೇ? ಬಂದರೆ ಅವರಿಗೆ ಏನು ಹೇಳುತ್ತೀರಿ? ದಯವಿಟ್ಟು ವಿವರವಾಗಿ ಬರೆಯಿರಿ. ನನಗೆ ಅದು ತುಂಬ ಮುಖ್ಯ.

ಬದ್ರಿಯಾಗೆ ನನ್ನ ಮುತ್ತು. ಅಜ್ಜಿಯ ಪತ್ರವನ್ನು ಅವಳು ತಿದ್ದಬಾರದು ಎಂದು ಹೇಳಿ.

ನಿಮ್ಮ
ಸುಹೈರ್


ಇಜ್ಬತ್ ಅಲ್-ಸಂತ್
20 ಜನವರಿ 2000

ಟೀಚರಮ್ಮ,

ಬರುತ್ತಿದ್ದರು. ರಮಜಾನ್ ರಜೆಯಲ್ಲಿ ಆರು ಜನ ಬಂದರು. ಮೊದಲು ಚಹಾ ಕುಡಿದು, ಎಮ್ಮೆ ಹಾಲಿನ ಮಾತಾಡಿ, ಕೊನೆಗೆ ವಿಷಯಕ್ಕೆ ಬರುತ್ತಾರೆ. ನೀನು ಕಲಿಸಿದ್ದನ್ನೇ ಹೇಳಿದೆ. ಕೈಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ, ಬ್ಲೇಡಿನಲ್ಲಿ ತುಕ್ಕು ಇರುತ್ತದೆ, ಬೂದಿ ಮೆತ್ತಿದರೆ ಕೀವಾಗುತ್ತದೆ, ರಕ್ತ ಹರಿಯಲು ಶುರುವಾದರೆ ನಿಲ್ಲಿಸುವ ಔಷಧಿ ನನ್ನ ಹತ್ತಿರ ಇಲ್ಲ. ಗೋಡೆಗೆ ಹಚ್ಚಿದ್ದ ನಿನ್ನ ಚಿತ್ರಗಳಲ್ಲಿ ಇದ್ದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಒಬ್ಬಳು ಕೇಳಿದಳು, "ಹಾಗಾದ್ರೆ ನನಗೆ ನೀನೇ ಮಾಡಿದ್ಯಲ್ಲ, ಆಗ ಹುಳ ಇರ್ಲಿಲ್ವಾ?"

"ಇತ್ತು ಕಣೇ. ನಿನ್ನ ಅದೃಷ್ಟ ಚೆನ್ನಾಗಿತ್ತು" ಅಂದೆ.

ಈಗ ಯಾರೂ ಬರುವುದಿಲ್ಲ. ಬಾಗಿಲು ತೆರೆದು ಕೂತರೂ ಹೆರಿಗೆಗೆ ಬಿಟ್ಟರೆ ಯಾರೂ ಕರೆಯುವುದಿಲ್ಲ. ಮೊದಲು ಹುಡುಗಿಗೆ ಶುದ್ಧಿಯಾದ ಮನೆಯಿಂದ ಕೋಳಿ ಬರುತ್ತಿತ್ತು, ಬಿಸಿಲಲ್ಲಿ ಉಬ್ಬಿಸಿದ ರೊಟ್ಟಿ ಬರುತ್ತಿತ್ತು, ಹೆಂಗಸರು ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕುತ್ತಿದ್ದರು, ನನ್ನನ್ನು ಮಧ್ಯೆ ಕೂರಿಸುತ್ತಿದ್ದರು. ಹೊಟ್ಟೆಗೇನೂ ಕಡಿಮೆಯಿಲ್ಲ. ಆದರೆ ಮಧ್ಯೆ ಕೂತು ರೂಢಿಯಾದವಳಿಗೆ ಅಂಚಿನಲ್ಲಿ ಕೂರುವುದು ಬರುವುದಿಲ್ಲ.

ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಸಿತ್ತುಹುಮ್


ಕೈರೋ
11 ಫೆಬ್ರವರಿ 2000

ಪ್ರೀತಿಯ ಅಮ್ಮ,

ಯಾರೂ ಬರುವುದಿಲ್ಲ ಎಂಬ ಆ ಒಂದು ಮಾತನ್ನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ನಾವು ಇಷ್ಟು ವರ್ಷ ದುಡಿದದ್ದು ಈ ಒಂದು ಮಾತಿಗಾಗಿ. ನಿಮಗೆ ಒಂಟಿತನ ಅನ್ನಿಸುವುದು ಸಹಜ. ದಾರಿಯಲ್ಲಿ ಮೊದಲು ನಡೆಯುವವರಿಗೆ ಜೊತೆಗಾರರು ಇರುವುದಿಲ್ಲ.

ಏಪ್ರಿಲ್‌ನಲ್ಲಿ ಬರುತ್ತೇನೆ. ನಿಮ್ಮ ಊರಿನ ಹೆಸರು ಈಗ ಇಲ್ಲಿ ಎಲ್ಲರ ಬಾಯಲ್ಲಿದೆ.

ಸುಹೈರ್


ಇಜ್ಬತ್ ಅಲ್-ಸಂತ್
28 ಮಾರ್ಚ್ 2000

ಟೀಚರಮ್ಮ,

ನೀನು ಹೇಳಿದ್ದು ನಿಜ. ಈಗ ನಾನು ಅಂಚಿನಲ್ಲಿಲ್ಲ. ಊರಿನ ತಾಯಂದಿರು ಮತ್ತೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಮಂಗಳವಾರ, ಶನಿವಾರ ಪಿಕಪ್ ಗಾಡಿಯಲ್ಲಿ ಹುಡುಗಿಯರನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ಡಾಕ್ಟರ್ ಮುಹ್ಸಿನ್ ಅವರ ಕ್ಲಿನಿಕ್ಕು. ನೆಲ ಎಷ್ಟು ಸ್ವಚ್ಛ ಎಂದರೆ ಚಪ್ಪಲಿ ಹಾಕಿಕೊಂಡು ಹೋಗಲು ನಾಚಿಕೆಯಾಗುತ್ತದೆ. ಕೈಗೆ ರಬ್ಬರ್ ಗವಸು, ಇಂಜೆಕ್ಷನ್, ಬಿಳಿ ಬಟ್ಟೆ, ಎಲ್ಲ ಕುದಿಸಿದ್ದು. ಹುಳದ ಮಾತೇ ಇಲ್ಲ. ತಾಯಂದಿರಿಗೆ ಭಯ, ಹೊರಗೇ ನಿಲ್ಲುತ್ತಾರೆ. ನಾನು ಒಳಗೆ ಹೋಗಿ ಹುಡುಗಿಯ ಕೈ ಹಿಡಿದುಕೊಳ್ಳುತ್ತೇನೆ. ಕೈ ಹಿಡಿಯುವುದು ನನಗೆ ಗೊತ್ತಲ್ಲ. ಡಾಕ್ಟರು ಹೇಳಿದರು, "ಹಜ್ಜಾ, ನಿಮ್ಮಂಥ ತಿಳಿದವರು ಊರಿಗೊಬ್ರು ಇದ್ರೆ ಸಾಕಿತ್ತು."

ನಾನು ಮೆಕ್ಕಾಗೆ ಹೋದವಳಲ್ಲ. ಆದರೂ ಹಜ್ಜಾ ಎಂದಾಗ ಬೇಡ ಎನ್ನಲಿಲ್ಲ.

ಬದ್ರಿಯಾ ಪರೀಕ್ಷೆಯಲ್ಲಿ ತರಗತಿಗೆ ಎರಡನೆಯವಳು. ಮೊದಲನೆಯವಳು ಮೇಷ್ಟ್ರ ಮಗಳು, ಅದು ಲೆಕ್ಕಕ್ಕಿಲ್ಲ.

ಏಪ್ರಿಲ್‌ನಲ್ಲಿ ಬಾ. ಬಾತುಕೋಳಿ ಸಾಕಿದ್ದೇನೆ.

ಸಿತ್ತುಹುಮ್


ಕೈರೋ
25 ಏಪ್ರಿಲ್ 2000

ಪ್ರೀತಿಯ ಅಮ್ಮ,

ಬರಲಾಗಲಿಲ್ಲ, ಕ್ಷಮಿಸಿ. ಇಲ್ಲಿ ಕೆಲಸ ಮೈತುಂಬ.

ಹುಡುಗಿಯರ ಆರೋಗ್ಯ ತಪಾಸಣೆಗೆ, ಚುಚ್ಚುಮದ್ದಿಗೆ ನೀವೇ ಮುಂದೆ ನಿಂತು ಕರೆದುಕೊಂಡು ಹೋಗುತ್ತಿರುವುದು ಕೇಳಿ ತುಂಬ ಸಂತೋಷವಾಯಿತು. ಇದನ್ನು ನಾವು ಕಲಿಸಿರಲಿಲ್ಲ. ನೀವಾಗಿಯೇ ಮುಂದುವರಿಸಿದಿರಿ. ಒಂದು ಪಾಠ ಹೀಗೆ ಇನ್ನೊಂದಕ್ಕೆ ದಾರಿ ಮಾಡುತ್ತದೆ. ನಮ್ಮ ವರದಿಯಲ್ಲಿ ಇದನ್ನು ವಿಶೇಷವಾಗಿ ಬರೆಯುತ್ತೇನೆ.

ಬಾತುಕೋಳಿಯನ್ನು ನನಗಾಗಿ ಕಾಯಿಸಬೇಡಿ.

ಸುಹೈರ್


ಕೈರೋ
10 ಜುಲೈ 2000

ಅಮ್ಮ,

ಮೂರು ತಿಂಗಳಾಯಿತು, ನಿಮ್ಮಿಂದ ಪತ್ರವಿಲ್ಲ. ಹುಷಾರಾಗಿದ್ದೀರಿ ತಾನೇ? ಶಾಲೆಗಳಿಗೆ ರಜೆ ಬಂದಿದೆ. ಮಕ್ಕಳು ಮನೆಯಲ್ಲಿ ಗಲಾಟೆ ಮಾಡುತ್ತಿರಬೇಕು. ಎರಡು ಸಾಲು ಬರೆದರೂ ಸಾಕು.

ಸುಹೈರ್


ಇಜ್ಬತ್ ಅಲ್-ಸಂತ್
3 ಸೆಪ್ಟೆಂಬರ್ 2000

ಸುಹೈರ್,

ಬದ್ರಿಯಾ ತೀರಿಕೊಂಡಳು. ಆಗಸ್ಟ್ ಹದಿನೈದು, ಮಂಗಳವಾರ.

ಬರೆಯುತ್ತೇನೆ. ನೀನು ವಿವರವಾಗಿ ಬರೆ ಎಂದು ಕೇಳಿದ್ದೆ.

ನೀನು ಏಪ್ರಿಲ್‌ನಲ್ಲಿ ಬರೆದ ಪತ್ರ ಓದಿದೆ. ತಪಾಸಣೆ ಎಂದು ನೀನು ಬರೆದಿದ್ದೆ. ನಿನಗೆ ಅರ್ಥವಾಗಿಲ್ಲ ಎಂದುಕೊಂಡೆ. ತಿದ್ದಿ ಬರೆಯಬೇಕಾಗಿತ್ತು, ಬರೆಯಲಿಲ್ಲ. ನಿನ್ನ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ ಎಂದು ಹೇಳಿಕೊಂಡೆ. ಅದು ಸುಳ್ಳು. ನೀನು ಬೇಡ ಎಂದರೆ ಮತ್ತೆ ಅಂಚಿಗೆ ಹೋಗಬೇಕಲ್ಲ ಎಂಬ ಹೆದರಿಕೆ. ಈಗ ನೇರವಾಗಿ ಹೇಳುತ್ತೇನೆ. ಹುಡುಗಿಯರು ಪಟ್ಟಣಕ್ಕೆ ಹೋಗುತ್ತಿದ್ದದ್ದು ಶುದ್ಧಿಗೆ. ನನ್ನ ಕೈಯಲ್ಲಿ ಹುಳ ಇದೆ ಎಂದು ನಾನೇ ಹೇಳಿದ ಮೇಲೆ ತಾಯಂದಿರು, "ಹಾಗಾದ್ರೆ ಹುಳ ಇಲ್ಲದ ಕೈ ತೋರ್ಸು" ಎಂದರು. ನಾನು ತೋರಿಸಿದೆ. ಮೂವತ್ತು ಹುಡುಗಿಯರನ್ನು ಕರೆದುಕೊಂಡು ಹೋದೆ. ಬದ್ರಿಯಾ ಮೂವತ್ತೊಂದನೆಯವಳು.

ಫೌಕಿಯಾಗೆ ಇಷ್ಟವಿರಲಿಲ್ಲ. ಮೊದಲ ಸಲ ಸೊಸೆ ನನಗೆ ಎದುರಾಡಿದಳು. "ಇನ್ನೊಂದು ವರ್ಷ ಹೋಗ್ಲಿ ಅತ್ತೆ, ಮಗು ಸಣಕಲು" ಎಂದಳು. ನಾನೇ ಬಾಯಿ ಮುಚ್ಚಿಸಿದೆ. "ನಾನೇನು ಹಳೇ ಕಾಲದವಳಾ? ಡಾಕ್ಟರ ಹತ್ರ ಹೋದ್ರೆ ಏನೂ ಆಗಲ್ಲ" ಎಂದೆ.

ಬದ್ರಿಯಾ ಹೊಸ ಹಳದಿ ಅಂಗಿ ಹಾಕಿಕೊಂಡಿದ್ದಳು. ದಾರಿಯುದ್ದಕ್ಕೂ ಅಂಗಡಿಗಳ ಹಲಗೆ ಓದುತ್ತಿದ್ದಳು. ನಾನೂ ಓದಿದೆ. ಯಾರು ಮೊದಲು ಓದುತ್ತಾರೆ ಎಂದು ಪಂದ್ಯ ಕಟ್ಟಿದ್ದೆವು.

ಫೌಕಿಯಾ ಬಾಗಿಲ ಹೊರಗೆ ನಿಂತಳು, ನಾನು ಒಳಗೆ ಹೋದೆ. ಇಂಜೆಕ್ಷನ್ ಕೊಟ್ಟರು. ಕಣ್ಣು ಮುಚ್ಚಿದಳು. ಕೆಲಸ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ನನ್ನ ಕೈಯೊಳಗೆ ಅವಳ ಕೈ ತಣ್ಣಗಾಗುವುದು ನನಗೆ ಡಾಕ್ಟರಿಗಿಂತ ಮೊದಲು ಗೊತ್ತಾಯಿತು. ನಲವತ್ತು ವರ್ಷ ಹುಟ್ಟುವವರನ್ನು ಹಿಡಿದ ಕೈ ಇದು, ಸುಹೈರ್. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ಇದಕ್ಕೆ ಯಾರೂ ಕಲಿಸಬೇಕಾಗಿಲ್ಲ. "ಡಾಕ್ಟ್ರೇ, ಮಗು ಹೋಗ್ತಿದೆ" ಎಂದೆ. ಅವರು, "ಸುಮ್ಮನಿರಿ ಹಜ್ಜಾ, ಔಷಧಿ ಮಂಪರು" ಎಂದರು.

ಸಾವಿನ ಕಾಗದವನ್ನು ಹಸನೈನನ ಕೈಗೆ ಕೊಟ್ಟರು. ಅವನು ನನ್ನ ಕೈಗೆ ಕೊಟ್ಟ. ಅದರಲ್ಲಿ ಬಿಸಿಲಿನ ಹೊಡೆತ ಎಂದು ಬರೆದಿದೆ. ನಮ್ಮ ಮನೆಯಲ್ಲಿ ಓದಬಲ್ಲವರು ಇಬ್ಬರಿದ್ದೆವು. ಈಗ ಒಬ್ಬಳು.

"ಏನು ಬರ್ದಿದೆ ಅಮ್ಮ?" ಎಂದು ಕೇಳಿದ. ಓದಿ ಹೇಳಿದೆ. ಅವನು ತಲೆಯಾಡಿಸಿ, "ಹಾಗೇ ಇರ್ಲಿ" ಎಂದ. ಊರಿಗೆಲ್ಲ ಹಾಗೇ ಹೇಳಿದ್ದೇವೆ.

ಸಿತ್ತುಹುಮ್


ಕೈರೋ
14 ಸೆಪ್ಟೆಂಬರ್ 2000

ಮಾನ್ಯ ಸಿತ್ತುಹುಮ್ ಅವರಿಗೆ,

ನಿಮ್ಮ ಮೊಮ್ಮಗಳ ಅಗಲಿಕೆಯ ಸುದ್ದಿ ತಿಳಿದು ನಮ್ಮ ಸಂಸ್ಥೆಯ ಎಲ್ಲರಿಗೂ ತೀವ್ರ ದುಃಖವಾಗಿದೆ. ಅಲ್ಲಾಹನು ಆ ಮಗುವಿಗೆ ಶಾಂತಿಯನ್ನೂ ನಿಮ್ಮ ಕುಟುಂಬಕ್ಕೆ ತಾಳ್ಮೆಯನ್ನೂ ಕೊಡಲಿ.

ಈ ಘಟನೆ ನಮ್ಮ ತರಬೇತಿ ಮುಗಿದ ಅನಂತರ, ಅದರ ವ್ಯಾಪ್ತಿಯ ಹೊರಗೆ ನಡೆದಿದೆ. ನೀವು ನಿಮ್ಮನ್ನು ದೂಷಿಸಿಕೊಳ್ಳಬಾರದು ಎಂದು ಕೋರುತ್ತೇವೆ.

ಸುಹೈರ್ ರಷ್ವಾನ್
ತರಬೇತಿ ವಿಭಾಗ


ಇಜ್ಬತ್ ಅಲ್-ಸಂತ್
1 ಅಕ್ಟೋಬರ್ 2000

ತರಬೇತಿ ವಿಭಾಗಕ್ಕೆ,

ವ್ಯಾಪ್ತಿ ಎಂದರೆ ಏನು ಎಂದು ಶಾಲೆಯ ಮೇಷ್ಟ್ರನ್ನು ಕೇಳಿದೆ. ಬೇಲಿ ಇದ್ದ ಹಾಗೆ, ಅದರಾಚೆ ನಮ್ಮದಲ್ಲ ಎಂದು ಅರ್ಥ ಎಂದರು. ನನ್ನ ಮೊಮ್ಮಗಳು ಬೇಲಿಯಾಚೆ ಸತ್ತಳು. ತಿಳಿಯಿತು.

ಈ ಪತ್ರ ಬರೆದದ್ದು ನೀನಲ್ಲ, ನಿನ್ನ ಕುರ್ಚಿ. ಆದ್ದರಿಂದ ಕುರ್ಚಿಯನ್ನಲ್ಲ, ನಿನ್ನನ್ನೇ ಕೇಳುತ್ತೇನೆ. ಸೂಲಗಿತ್ತಿಯ ಮುಂದೆ ಮುಚ್ಚಿಡಬೇಡ.

ಆರು ತಿಂಗಳು ನೀನು ನಮಗೆ ಕಲಿಸಿದೆ. ಹುಳ, ತುಕ್ಕು, ಕೀವು, ರಕ್ತ. ಎಲ್ಲ ನೆನಪಿದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಸ್ವಚ್ಛವಾದ ಬ್ಲೇಡಿನ ಬಗ್ಗೆ ನೀನು ಒಂದು ದಿನವೂ ಮಾತಾಡಲಿಲ್ಲ. ಬ್ಲೇಡ್ ಸ್ವಚ್ಛವಾಗಿದ್ದರೆ ಮಾಡಬಹುದೋ ಮಾಡಬಾರದೋ? ಮಾಡಬಾರದು ಎಂದು ನಿನಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ?

ಅಂದು ಪಿಕಪ್‌ನಲ್ಲಿ ವಾಪಸ್ ಬರುವಾಗ ಫೌಕಿಯಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅಳಲಿಲ್ಲ. "ಡಾಕ್ಟರ ಹತ್ರ ಏನೂ ಆಗಲ್ಲ ಅಂತ ನೀವು ಎಲ್ಲಿ ಕಲಿತ್ರಿ ಅತ್ತೆ?" ಎಂದಳು. ನಾನು ನಿನ್ನ ಹೆಸರು ಹೇಳಲಿಲ್ಲ. ಇನ್ನೂ ಹೇಳಿಲ್ಲ. ಮೊದಲು ನೀನು ಉತ್ತರ ಕೊಡು.

ಸಿತ್ತುಹುಮ್


ಕೈರೋ
5 ನವೆಂಬರ್ 2000

ಅಮ್ಮ,

ಈ ಪತ್ರವನ್ನು ಐದು ಸಲ ಹರಿದು ಹಾಕಿದ್ದೇನೆ. ಇದು ಮನೆಯಿಂದ ಬರೆಯುತ್ತಿರುವುದು.

ಗೊತ್ತಿತ್ತು.

ತರಗತಿ ಶುರು ಮಾಡುವ ಮೊದಲು ನಿಮ್ಮ ಊರ ಹಿರಿಯರು ನಮ್ಮನ್ನು ಕರೆಸಿಕೊಂಡರು. "ಆರೋಗ್ಯದ ವಿಷ್ಯ ಎಷ್ಟು ಬೇಕಾದ್ರೂ ಹೇಳಿ. ನಮ್ಮ ಹೆಣ್ಮಕ್ಕಳು ಹೇಗಿರ್ಬೇಕು ಅನ್ನೋದು ನಮಗೆ ಬಿಡಿ. ಅದರ ಬಗ್ಗೆ ಒಂದು ಮಾತು ಬಂದ್ರೆ ಅವತ್ತೇ ಕೋಣೆ ಖಾಲಿ" ಎಂದರು. ನಮ್ಮ ಮುಖ್ಯಸ್ಥರು ಒಪ್ಪಿದರು. ಏನೂ ಕಲಿಸದೆ ವಾಪಸ್ ಹೋಗುವುದಕ್ಕಿಂತ ಅರ್ಧ ಕಲಿಸುವುದು ಮೇಲು ಎಂದರು. ನಾನೂ ಒಪ್ಪಿದೆ. ಚಿತ್ರಗಳನ್ನು ಬರೆದವಳು ನಾನೇ. ತುಕ್ಕು ಹಿಡಿದ ಬ್ಲೇಡ್, ಕಪ್ಪು ಉಗುರಿನ ಕೈ. ಆ ಕೈ ಮುದುಕಿಯದು ಎಂದು ತಿಳಿಯಲಿ ಎಂದು ಸುಕ್ಕು ಹಾಕಿದೆ. ನಿಮ್ಮನ್ನು ಅದು ನೋಯಿಸಿರಬೇಕು.

ಅರ್ಧ ಪಾಠದ ಇನ್ನರ್ಧವನ್ನು ಊರು ತಾನೇ ಬರೆದುಕೊಂಡಿತು.

ಇನ್ನೂ ಇದೆ. ನಿಮ್ಮ ಮಾರ್ಚ್ ಪತ್ರ ನನಗೆ ಅರ್ಥವಾಗಿರಲಿಲ್ಲ ಎಂದು ನೀವು ತಿಳಿದಿದ್ದೀರಿ. ಗವಸು, ಇಂಜೆಕ್ಷನ್, ತಾಯಂದಿರಿಗೆ ಭಯ, ಹೊರಗೆ ನಿಲ್ಲುತ್ತಾರೆ. ಚುಚ್ಚುಮದ್ದಿಗೆ ಯಾವ ತಾಯಿ ಹೊರಗೆ ನಿಲ್ಲುತ್ತಾಳೆ? ಆ ಸಾಲನ್ನು ಎರಡು ಸಲ ಓದಿ, ಪತ್ರ ಮಡಚಿ, ತಪಾಸಣೆ ಎಂದು ಬರೆದೆ. ಅಂದು ಕೇಳಿದ್ದರೆ ನೀವು ನಿಜ ಹೇಳುತ್ತಿದ್ದಿರಿ. ಹೇಳಿದರೆ ವರದಿ ಹಾಳಾಗುತ್ತಿತ್ತು. ಜೂನ್‌ನಲ್ಲಿ ವರದಿ ಹೋಯಿತು. ನಿಮ್ಮ ಊರಿನ ಮುಂದೆ ಸುನ್ನತಿಯಾದ ಹುಡುಗಿಯರು ಸೊನ್ನೆ ಎಂದು ಬರೆದೆ. ಅದನ್ನು ಓದಿ ಜನ ಚಪ್ಪಾಳೆ ತಟ್ಟಿದರು. ನಿಮ್ಮೂರಿನ ಕೆಲಸವನ್ನು ಸಂಸ್ಥೆ ನಾನು ಊರು ಬಿಟ್ಟ ದಿನವೇ ಮುಗಿಸಿತ್ತು. ಏಪ್ರಿಲ್‌ನಲ್ಲಿ ಬರುತ್ತೇನೆ ಎಂದದ್ದೂ ಸುಳ್ಳು.

ಕೊನೆಯದು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನನಗೂ ಆಗಿದೆ. ಒಂಬತ್ತನೇ ವರ್ಷದಲ್ಲಿ, ಕೈರೋದಲ್ಲಿ, ಒಳ್ಳೆಯ ಡಾಕ್ಟರ ಕೈಯಲ್ಲಿ, ಶುಭ್ರ ಕೋಣೆಯಲ್ಲಿ. ಕೀವಾಗಲಿಲ್ಲ, ರಕ್ತ ಹೆಚ್ಚು ಹೋಗಲಿಲ್ಲ, ಮೂರನೇ ದಿನ ಐಸ್‌ಕ್ರೀಂ ಕೊಡಿಸಿದರು. ಮದುವೆಯಾಗಿ ಎಂಟು ವರ್ಷವಾಗಿದೆ. ಗಂಡನ ಕೈ ತಾಗಿದರೆ ಈಗಲೂ ಮೈ ಆ ಮೇಜಿನ ಮೇಲೆ ಮಲಗಿದಂತೆ ಮರಗಟ್ಟುತ್ತದೆ. ಸ್ವಚ್ಛವಾದ ಬ್ಲೇಡ್ ಏನು ಮಾಡುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಹುಳದ ಬಗ್ಗೆ ಮಾತಾಡಿದೆ.

ಫೌಕಿಯಾಗೆ ನನ್ನ ಹೆಸರು ಹೇಳಿ.

ಸುಹೈರ್


ಇಜ್ಬತ್ ಅಲ್-ಸಂತ್
19 ಜನವರಿ 2001

ಸುಹೈರ್,

ನಿನ್ನ ಪತ್ರ ಓದಿ ಮೊದಲು ಒಲೆಗೆ ಹಾಕಬೇಕೆಂದುಕೊಂಡೆ. ಆಮೇಲೆ ನನ್ನ ಬಗ್ಗೆ ಯೋಚಿಸಿದೆ. ನೀನು ಒಂದು ವರ್ಷ ಮುಚ್ಚಿಟ್ಟೆ. ನಾನು ಇಪ್ಪತ್ತಾರು ವರ್ಷ.

ನನ್ನ ಕೈಯಲ್ಲಿ ಇಬ್ಬರು ಸತ್ತಿದ್ದಾರೆ. ಒಬ್ಬಳು ನಫೂಸಾ, ಇನ್ನೊಬ್ಬಳು ಸಅದಿಯಾ. ಇಬ್ಬರ ತಾಯಂದಿರಿಗೂ ಜ್ವರ ಎಂದು ಹೇಳಿದೆ. ಅವರು ನಂಬಿದರು. ಸಅದಿಯಾಳ ತಾಯಿ ಹಮೀದಾ ಇನ್ನೂ ಬದುಕಿದ್ದಾಳೆ. ಮಗಳ ಕೊನೆಗಳಿಗೆಯಲ್ಲಿ ಬಿಡದೆ ಆರೈಕೆ ಮಾಡಿದೆನೆಂದು ಪ್ರತಿ ಬಕ್ರೀದ್‌ಗೂ ನನಗೆ ಮಾಂಸ ಕಳಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಹೋದ ತಿಂಗಳು ರೊಟ್ಟಿ ಸುಡುವ ದಿನ ಹೆಂಗಸರೆಲ್ಲ ಒಲೆಯ ಸುತ್ತ ಸೇರಿದ್ದಾಗ ಹೇಳಿಬಿಟ್ಟೆ. ನಫೂಸಾ, ಸಅದಿಯಾ, ಬದ್ರಿಯಾ. ಯಾವುದೂ ಜ್ವರವಲ್ಲ, ಯಾವುದೂ ಬಿಸಿಲಲ್ಲ. ಕೈ ಕೊಳಕಾಗಿದ್ದರೂ ಅಷ್ಟೆ, ಚೊಕ್ಕವಾಗಿದ್ದರೂ ಅಷ್ಟೆ. ಅಲ್ಲಾಹನು ಕೊಟ್ಟ ಮೈಯಲ್ಲಿ ಕೊಳೆ ಇರಲಿಲ್ಲ, ಶುದ್ಧಿ ಎಂಬ ಹೆಸರನ್ನು ನಾವೇ ಇಟ್ಟೆವು ಎಂದೆ. ಹಮೀದಾ ತನ್ನ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಕೋಲೂರಿಕೊಂಡು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಒಬ್ಬಳು ಮಾತ್ರ ಹೇಳಿದಳು, "ಮುದುಕಿಗೆ ಮೊಮ್ಮಗಳ ಕೊರಗು ತಲೆಗೇರಿದೆ."

ಮರುವಾರ ಪಟ್ಟಣದ ಪೊಲೀಸ್ ಠಾಣೆಗೆ ಹೋದೆ. ದೂರನ್ನು ಮನೆಯಲ್ಲೇ ಬರೆದಿದ್ದೆ, ನಾಲ್ಕು ಪುಟ. ಅಧಿಕಾರಿ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿ, "ಹೆಬ್ಬೆಟ್ಟು ಒತ್ತು ಅಜ್ಜಿ" ಎಂದ. "ಸಹಿ ಬರುತ್ತೆ" ಎಂದೆ. ಓದಿ ಮುಗಿಸಿ ಮುಖ ನೋಡಿದ.

"ಇದ್ರಲ್ಲಿ ನಿನ್ನ ಹೆಸರೂ ಇದೆಯಲ್ಲ?"

"ಮೊದ್ಲು ಅದೇ ಇದೆ."

"ನಿನ್ನನ್ನೂ ಒಳಗೆ ಹಾಕ್ಬೇಕಾಗುತ್ತೆ."

"ಹಾಕಪ್ಪ. ಅದಕ್ಕೇ ಬಟ್ಟೆ ತಂದಿದೀನಿ."

ಎರಡು ದಿನ ಕೂರಿಸಿಕೊಂಡರು. ಹಸನೈನ ಬಂದು, ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಹೇಳಿ ಕರೆದುಕೊಂಡು ಬಂದ. ಕ್ಲಿನಿಕ್ ಹನ್ನೆರಡು ದಿನ ಮುಚ್ಚಿತ್ತು. ಈಗ ತೆರೆದಿದೆ.

ಮನೆ ಬಾಗಿಲಲ್ಲಿ ಹಸನೈನ ನನ್ನ ಗಂಟು ಇಟ್ಟಿದ್ದ. ಸತ್ತ ನನ್ನ ಅಕ್ಕನ ಒಂದು ಕೋಣೆ ಕಾಲುವೆ ದಂಡೆಯಲ್ಲಿ ಇದೆ. ಅಲ್ಲಿದ್ದೇನೆ. ಹೆರಿಗೆಗೆ ಈಗ ಯಾರೂ ಕರೆಯುವುದಿಲ್ಲ.

ಫೌಕಿಯಾಗೆ ನಿನ್ನ ಹೆಸರು ಹೇಳಿದೆ. "ಅವರಿಗೆ ಮಕ್ಕಳಿದಾರಾ?" ಎಂದು ಮಾತ್ರ ಕೇಳಿದಳು. ಗೊತ್ತಿಲ್ಲ ಎಂದೆ.

ಸಿತ್ತುಹುಮ್


ಕೈರೋ
16 ಫೆಬ್ರವರಿ 2001

ಅಮ್ಮ,

ಮಕ್ಕಳಿಲ್ಲ. ಒಂದು ಹೊಟ್ಟೆಯಲ್ಲೇ ಹೋಯಿತು. ಮತ್ತೆ ನಾನು ಬೇಡವೆಂದೆ. ಹೆಣ್ಣಾದರೆ ಎಂಬ ಭಯ.

ನಿಮ್ಮ ಪತ್ರಗಳನ್ನು ಆಫೀಸಿಗೆ ಒಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ವರದಿ ತಿದ್ದಬೇಕು, ಹನ್ನೊಂದು ಊರಿಗೂ ಹೋಗಿ ಹುಡುಗಿಯರು ಎಲ್ಲಿ ಹೋಗುತ್ತಿದ್ದಾರೆಂದು ಕೇಳಬೇಕು ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. "ಈಗ ಇದನ್ನ ಬಿಚ್ಚಿದ್ರೆ ಮುಂದಿನ ಊರುಗಳ ತರಗತಿನೂ ನಿಲ್ಲುತ್ತೆ ಸುಹೈರ್. ಅಕ್ಷರ ಕಲಿಯೋ ನಾನೂರು ಹೆಂಗಸರು ಏನು ತಪ್ಪು ಮಾಡಿದ್ರು?" ಎಂದರು. ಪ್ರಶ್ನೆ ನ್ಯಾಯದ್ದೇ. ಆದರೆ ಆ ಚಿತ್ರಗಳನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದರು. ನಾನು ಕೆಲಸ ಬಿಟ್ಟೆ.

ನಾನು ಬರಬಹುದೇ? ಇದು ಸಂಸ್ಥೆಯಿಂದಲ್ಲ. ಬೇಡವೆಂದರೆ ಬರುವುದಿಲ್ಲ.

ಸುಹೈರ್


ಇಜ್ಬತ್ ಅಲ್-ಸಂತ್, ಕಾಲುವೆ ದಂಡೆ
10 ಏಪ್ರಿಲ್ 2001

ಸುಹೈರ್,

ಉತ್ತರ ತಡವಾಯಿತು. ಇಲ್ಲಿ ಒಂದು ನಡೆದಿದೆ.

ನನ್ನ ದೂರಿನಿಂದ ಒಳ್ಳೆಯದಾಗಲಿಲ್ಲ, ಕೆಟ್ಟದ್ದು ಬೇಗ ಬಂತು. ಈ ಮುದುಕಿ ಇನ್ನೇನು ಮಾಡುತ್ತಾಳೋ, ಪೊಲೀಸರು ಮತ್ತೆ ಬರುವ ಮೊದಲೇ ಚಿಕ್ಕವಳದೂ ಮುಗಿಸಿಬಿಡೋಣ ಎಂದು ಹಸನೈನನೂ ಅವನ ಚಿಕ್ಕಪ್ಪಂದಿರೂ ಕೂತು ಮಾತಾಡಿದರು. ಹನಿಯ್ಯಾಗೆ ಇನ್ನೂ ಏಳು ತುಂಬಿಲ್ಲ. ಪಟ್ಟಣದ ಡಾಕ್ಟರು ನಮ್ಮ ಊರಿನವರೆಂದರೆ ಈಗ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಪಕ್ಕದೂರಿನ ಹಜಾಮನಿಗೆ ಹೇಳಿದರು. ಬಕ್ರೀದ್ ಕಳೆದು ಮೂರನೇ ಗುರುವಾರ ಎಂದು ದಿನ ಇಟ್ಟರು. ಹಜಾಮ, ಸುಹೈರ್. ತುಕ್ಕು, ಹುಳ, ಬೂದಿ, ಎಲ್ಲ ಮತ್ತೆ ಮೊದಲಿನಿಂದ.

ಬುಧವಾರ ಮಧ್ಯಾಹ್ನ ಫೌಕಿಯಾ ನನ್ನ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಹನಿಯ್ಯಾ, ಒಂದು ಕೈಯಲ್ಲಿ ಹಾಸಿಗೆ ಸುರುಳಿ. ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಆಮೇಲೆ ಕೇಳಿದಳು.

"ಒಳಗೆ ಅವತ್ತು ನೀವೊಬ್ರೇ ಇದ್ರಿ. ಅವಳು ನನ್ನ ಕೇಳಿದ್ಲಾ?"

ಹೌದು, ನಿನ್ನನ್ನೇ ಕೇಳಿದಳು ಎನ್ನುವುದು ಸುಲಭವಿತ್ತು. ಆ ತಾಯಿ ಅದನ್ನು ಹಿಡಿದುಕೊಂಡು ಬದುಕುತ್ತಿದ್ದಳು. ಆದರೆ ನನ್ನ ಬಾಯಲ್ಲಿ ಸುಳ್ಳಿಗೆ ಜಾಗ ಮುಗಿದಿದೆ.

"ಇಲ್ಲ ಕಣಮ್ಮ. 'ಅಜ್ಜಿ, ನೋಯಲ್ಲ ಅಂತ ನೀನು ಹೇಳಿದೀಯ' ಅಂದ್ಲು. 'ಹೌದು ಕಂದಾ' ಅಂದೆ. ನಂಬಿ ಕಣ್ಮುಚ್ಚಿದ್ಲು."

ಫೌಕಿಯಾ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಅತ್ತೆಗೆ ಸೊಸೆ ಹೊಡೆಯುವುದು ನಮ್ಮ ಊರಿನಲ್ಲಿ ಕಂಡು ಕೇಳಿದ್ದಲ್ಲ. ನಾನು ಕದಲಲಿಲ್ಲ. ಹೊಡೆದ ಮೇಲೆ ಹಾಸಿಗೆ ಬಿಚ್ಚಿ ಹಾಸಿದಳು, ಮಗುವನ್ನು ಮಧ್ಯೆ ಕೂರಿಸಿ ಈರುಳ್ಳಿ ಹೆಚ್ಚಲು ಶುರು ಮಾಡಿದಳು.

ಗುರುವಾರ ಹಸನೈನ ಚಿಕ್ಕಪ್ಪಂದಿರ ಜೊತೆ ಬಂದ. ನಾನು ಏಳಲು ಹೋದೆ. ಫೌಕಿಯಾ ನನ್ನ ಹೆಗಲು ಒತ್ತಿ ಕೂರಿಸಿ ತಾನೇ ಬಾಗಿಲಿಗೆ ಅಡ್ಡ ನಿಂತಳು. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡಸರೆದುರು ಅವಳ ದನಿ ನಾನು ಕೇಳಿರಲಿಲ್ಲ.

"ಒಬ್ಳನ್ನ ಕೊಟ್ಟೆ. ಇವಳನ್ನ ಕೊಡಲ್ಲ."

"ಬಾಗ್ಲು ಬಿಡು ಫೌಕಿಯಾ. ತಲಾಕ್ ಹೇಳ್ತೀನಿ ನೋಡು."

"ಹೇಳಿ. ಕಾಗದದಲ್ಲಿ ಬರೆಸಿ ಕೊಡಿ, ಅತ್ತೆ ಓದಿ ಹೇಳ್ತಾರೆ."

ಅವನು ಹೇಳಿಬಿಟ್ಟ. ಚಿಕ್ಕಪ್ಪಂದಿರ ಎದುರು ಹೇಳದೆ ಹೋಗಲು ಅವನಿಗೆ ದಾರಿ ಇರಲಿಲ್ಲ. ಅವರು ಬಾಗಿಲು ಒಡೆಯಬಹುದಿತ್ತು, ಒಡೆಯಲಿಲ್ಲ. ಒಬ್ಬ ಮಾತ್ರ ಹೋಗುತ್ತಾ, "ಈ ಹುಡುಗೀನ ಯಾರು ಮದ್ವೆಯಾಗ್ತಾನೆ ನೋಡೋಣ" ಎಂದು ಕೂಗಿದ. ಅದು ಬರಿಯ ಬೈಗುಳವಲ್ಲ ಎಂದು ನಮಗೂ ಗೊತ್ತು.

ಈಗ ಮೂವರೂ ಇಲ್ಲಿದ್ದೇವೆ. ಫೌಕಿಯಾ ಬೇರೆಯವರ ಹೊಲದಲ್ಲಿ ಮೇವು ಕೊಯ್ಯುತ್ತಾಳೆ. ನನ್ನ ಜೊತೆ ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚಿಲ್ಲ. ಊರಿನಲ್ಲಿ ಏನೂ ನಿಂತಿಲ್ಲ. ಬೇಸಿಗೆ ರಜೆ ಬಂದರೆ ಬೇರೆ ಡಾಕ್ಟರ ಹತ್ತಿರ ಮತ್ತೆ ಪಿಕಪ್ ಗಾಡಿ ಓಡುತ್ತದೆ. ಅದರಲ್ಲಿ ನಾನಿಲ್ಲ, ಅಷ್ಟೆ. ಹೋದ ವಾರ ಇಬ್ಬರು ತಾಯಂದಿರು ಮುಖ ಮುಚ್ಚಿಕೊಂಡು ಬಂದು, ಆಮೇಲೆ ಹುಡುಗಿಗೆ ಏನಾಗುತ್ತದೆ, ಮದುವೆಯಾದ ಮೇಲೆ ಏನಾಗುತ್ತದೆ ಎಂದು ಕೇಳಿ ಹೋದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ನಿನಗೆ ನನಗಿಂತ ಹೆಚ್ಚು ಗೊತ್ತಿದೆ. ಬಾ. ಬಂದರೆ ಅವರೆದುರು ಕೂತು ಅದನ್ನು ನಿನ್ನ ಬಾಯಿಂದಲೇ ಹೇಳಬೇಕು, ನಿನ್ನ ಮೈಯ ಮಾತನ್ನು. ಆಗುವುದಿಲ್ಲವಾದರೆ ಬರಬೇಡ. ಕೋಪವಿಲ್ಲ. ಫೌಕಿಯಾ ನಿನ್ನ ಜೊತೆ ಮಾತಾಡುತ್ತಾಳೆಂದು ನಾನು ಹೊಣೆ ಹೊರಲಾರೆ.

ಹಸನೈನ ದಿನಾ ಸಂಜೆ ಎಮ್ಮೆ ಹೊಡೆದುಕೊಂಡು ಇದೇ ದಂಡೆಯ ಮೇಲೆ ಹೋಗುತ್ತಾನೆ. ನಮ್ಮ ಕಡೆ ನೋಡುವುದಿಲ್ಲ. ನಿನ್ನೆ ಎಮ್ಮೆ ನಮ್ಮ ಬಾಗಿಲೆದುರು ನಿಂತುಬಿಟ್ಟಿತು. ಫೌಕಿಯಾಳ ಕೈಯಲ್ಲಿ ಮೇವು ತಿಂದು ಬೆಳೆದದ್ದು ಅದು. ಅವನ ಕೈಯಲ್ಲಿ ಕೋಲಿತ್ತು, ಎತ್ತಲಿಲ್ಲ. ಹನಿಯ್ಯಾ ಒಳಗಿನಿಂದ "ಅಪ್ಪಾ" ಎಂದಳು. ಅವನು ತಿರುಗಲಿಲ್ಲ. ಎಮ್ಮೆ ತಾನಾಗಿಯೇ ಹೊರಟು ಬಹಳ ದೂರ ಹೋಯಿತು. ಅವನು ಇನ್ನೂ ಅಲ್ಲೇ ನಿಂತಿದ್ದ.

ಸಿತ್ತುಹುಮ್